ಸೋಲಿಗರ ಕಾಡಿನಲ್ಲಿ ಎರಡು ದಿನ



ಹೋದ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ, ಇದೇ ಜಾಗದಲ್ಲಿ, ‘ಕಾಡು ಉಳಿಸುವುದು ಹೇಗೆ?’ ಅಂತ ನನ್ನದೊಂದು ಲೇಖನ ಬಂದಿತ್ತು. ಸುತ್ತಲೂ ಹಸಿರು ಸ್ಕೆಚ್ ಪೆನ್ನಿನಲ್ಲಿ ಬಳ್ಳಿ ಬರೆದಿದ್ದೆ, ನೆನಪಿರಬಹುದು. ಅದರ ನಾಲ್ಕನೇ ಸಾಲಿನಲ್ಲಿ ಹೀಗೆ ಬರೆದಿದ್ದೆ: ‘ಕಾಡಿನಲ್ಲಿ ವಾಸಿಸುವ ಜನರನ್ನು ಹೊರಗೆ ಕಳಿಸಿದರೆ ಮಾತ್ರ ಕಾಡು ಉಳಿಯುತ್ತದೆ. ಅವರು ಬೆಂಕಿ ಹಾಕುತ್ತಾರೆ.’ ಇದನ್ನು ಎಲ್ಲಿಂದ ತಂದೆ ಅಂದರೆ, ಮೊದಲ ಅರ್ಧ ಒಂದು ಹಳೇ ಪ್ರಬಂಧದ ಪುಸ್ತಕದಿಂದ, ಉಳಿದರ್ಧ ನಮ್ಮೂರ ಅರಳಿಕಟ್ಟೆಯಿಂದ. ಬೇಸಿಗೆಯಲ್ಲಿ ಬೆಟ್ಟದ ಕಡೆ ಹೊಗೆ ಕಂಡರೆ ಸಾಕು, ಕಟ್ಟೆ ಮೇಲೆ ಕೂತವರು ಹಾಗೇ ಅನ್ನೋದು. ಅವರಲ್ಲಿ ಯಾರೂ ಹೋಗಿ ನೋಡಿದವರಲ್ಲ. ನಾನೂ ನೋಡಿರಲಿಲ್ಲ.

ನನ್ನ ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳತಿ ಸೋಲಿಗರ ಹುಡುಗಿ. ಹಾಸ್ಟೆಲಿನಲ್ಲಿ ಇದ್ದುಕೊಂಡು ಓದುತ್ತಾಳೆ, ರಜೆ ಬಂದರೆ ಬಿಳಿಗಿರಿರಂಗನ ಬೆಟ್ಟದ ತನ್ನ ಪೋಡಿಗೆ ಹೋಗುತ್ತಾಳೆ. ಪೋಡು ಅಂದರೆ ಸೋಲಿಗರ ಊರು. ನನ್ನ ಲೇಖನವನ್ನು ಅವಳು ಗೋಡೆ ಹತ್ತಿರ ನಿಂತು ಪೂರ್ತಿ ಓದಿದಳು. ಏನೂ ಹೇಳಲಿಲ್ಲ. ಎಂಟು ದಿನ ಮಧ್ಯಾಹ್ನದ ಊಟಕ್ಕೆ ನನ್ನ ಸಾಲಿನಲ್ಲಿ ಕೂರಲಿಲ್ಲ. ಆಮೇಲೆ ಸಂಕ್ರಾಂತಿ ಕಳೆದ ವಾರ, ಶುಕ್ರವಾರ ಬೆಲ್ ಹೊಡೆದ ಮೇಲೆ, ‘ನಮ್ ಪೋಡಿಗೆ ಬತ್ತೀಯಾ?’ ಅಂದಳು. ಅಷ್ಟೇ ಕೇಳಿದ್ದು. ನಮ್ಮಪ್ಪ ಮೊದಲು ಬೇಡ ಅಂದರು, ಆಮೇಲೆ ಅವಳ ಅಪ್ಪ ಬಂದು ಮಾತಾಡಿದ ಮೇಲೆ ಒಪ್ಪಿದರು.

ಯಳಂದೂರಿನಿಂದ ಬಸ್ಸು. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು ಶುರು. ಮೊದಲು ನಮ್ಮೂರ ಗೋಮಾಳದ ಹಾಗೇ ಕುರುಚಲು ಗಿಡ, ಮುಳ್ಳು. ಬಸ್ಸು ತಿರುವು ಹತ್ತುತ್ತಾ ಹೋದ ಹಾಗೆ ಎಲೆ ಉದುರಿಸುವ ದೊಡ್ಡ ಮರಗಳು ಬರುತ್ತವೆ. ಇನ್ನೂ ಮೇಲೆ ವರ್ಷವಿಡೀ ಹಸಿರಾಗಿರುವ ಕಾಡು, ಎಲ್ಲಕ್ಕಿಂತ ಮೇಲೆ ಹುಲ್ಲಿನ ಬೋರೆ, ಅದರ ಮಡಿಲಲ್ಲಿ ಶೋಲಾ ಕಾಡು. ಬುಡದಲ್ಲಿ ಸುಮಾರು 600 ಮೀಟರು, ತುದಿಯಲ್ಲಿ ಸುಮಾರು 1800 ಮೀಟರು ಎತ್ತರ. ಮಳೆಯೂ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ. ಅದಕ್ಕೇ ಒಂದೇ ಬೆಟ್ಟದಲ್ಲಿ ಇಷ್ಟು ಬಗೆಯ ಕಾಡು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆ ಕಟ್ಟಿದ ಹಾಗೆ ಈ ಬೆಟ್ಟಸಾಲು ಇರುವುದರಿಂದ ಆನೆಗಳು ಎರಡೂ ಕಡೆಗೆ ಇಲ್ಲಿಂದಲೇ ಓಡಾಡುತ್ತವೆ ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ್ದು ಬಸ್ಸಿನಲ್ಲಿ ನೆನಪಾಯಿತು.

ರಾತ್ರಿ ರಾಗಿ ಮುದ್ದೆ, ಸೊಪ್ಪಿನ ಸಾರು. ಅವರ ಮನೆ ಸುತ್ತ ಕಾಫಿ ಗಿಡ, ಮೆಣಸಿನ ಬಳ್ಳಿ. ನಾನು ಗುಡಿಸಲು ಇರುತ್ತದೆ ಅಂದುಕೊಂಡು ಹೋಗಿದ್ದೆ, ಮನೆಯಲ್ಲಿ ಟಿ.ವಿ. ಇತ್ತು. (ನಗಬೇಡಿ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿದ್ದೀರಿ.)

ಬೆಳಿಗ್ಗೆ ಮಂಜು ಬಿಟ್ಟ ಮೇಲೆ ಅವಳ ತಾತ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಹಿಂದೆ ಅವಳು, ಅವಳ ಹಿಂದೆ ನಾನು, ನನ್ನ ಹಿಂದೆ ಅವಳ ಅಪ್ಪ. ಹುಲಿ ಕಾಡಿನಲ್ಲಿ ಹೊರಗಿನವರು ತಮ್ಮ ಪಾಡಿಗೆ ತಾವು ತಿರುಗುವ ಹಾಗಿಲ್ಲ, ಅದಕ್ಕೆ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರು. ತಾತ ಹೇಳಿದ ನಿಯಮ ಮೂರೇ: ಜೋರಾಗಿ ಮಾತಾಡಬಾರದು, ಸಾಲು ಬಿಡಬಾರದು, ನಿಲ್ಲು ಅಂದಾಗ ನಿಲ್ಲಬೇಕು.

ಕಾಲುದಾರಿ ಒಬ್ಬರು ಹೋಗುವಷ್ಟೇ ಅಗಲ. ಮೊದಲು ನನಗೆ ಎಲ್ಲಾ ಬರೀ ಮರವಾಗಿ ಕಂಡಿತು. ತಾತನಿಗೆ ಹಾಗಲ್ಲ. ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ಒಳಗಿದ್ದ ಬೀಜ ತೋರಿಸಿದರು, ‘ಇದು ಇಲ್ಲೇ ಮೊಳೀತದೆ’ ಅಂದರು. ಒಂದು ಮರದ ತೊಗಟೆಯಲ್ಲಿ ನನ್ನ ತಲೆಗಿಂತ ಎತ್ತರದಲ್ಲಿ ಉದ್ದುದ್ದ ಗೀರು. ಹುಲಿ ಉಗುರು ಕೆರೆದ ಗುರುತು. ಕೈಯಿಟ್ಟು ನೋಡಿದೆ, ನನ್ನ ಬೆರಳು ಆ ಗೀರಿನೊಳಗೆ ಕೂತಿತು. ಆಮೇಲೆ ಅರ್ಧ ಗಂಟೆ ನಾನು ಹಿಂದೆ ತಿರುಗಿ ತಿರುಗಿ ನೋಡುತ್ತಾ ನಡೆದದ್ದಕ್ಕೆ ಗೆಳತಿ ಇವತ್ತಿಗೂ ನಗುತ್ತಾಳೆ. ಹುಲಿ ಕಾಣಲಿಲ್ಲ. ಕೆಂಜಳಿಲು ಕಂಡಿತು, ಬಾಲವೇ ಮೈಯಷ್ಟುದ್ದ, ಕೊಂಬೆಯಿಂದ ಕೊಂಬೆಗೆ ಎಸೆದ ಬಟ್ಟೆಯ ಹಾಗೆ ಹಾರಿತು. ಕಣಿವೆಯ ಆಚೆ ಬದಿಯ ಹುಲ್ಲಿನಲ್ಲಿ ಐದು ಕಾಟಿಗಳು ನಿಂತಿದ್ದವು, ಕಾಲಿಗೆ ಬಿಳೀ ಕಾಲುಚೀಲ ಹಾಕಿದ ಹಾಗೆ. ಎಲ್ಲೋ ನಾಯಿ ಬೊಗಳಿದ ಸದ್ದು ಕೇಳಿ ‘ಇಲ್ಲೂ ನಾಯಿ ಇದಾವಾ?’ ಅಂದೆ. ಅದು ನಾಯಿಯಲ್ಲ, ಕಾಡುಕುರಿ. ಹೆದರಿದಾಗ ಹಾಗೆ ಕೂಗುತ್ತದೆ. ತಾತ ಕೈ ಎತ್ತಿದರು, ಎಲ್ಲರೂ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿದರು. ಯಾಕೆ ನಿಂತದ್ದು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾವು ಕಾಡು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಸೋಲಿಗರಿಗೆ ಕಾಡು ಅಂದರೆ ಎಲ್ಲೆಗಳು. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ನಮ್ಮ ಹೊಲಗಳಿಗೆ ಬದು ಇರುವ ಹಾಗೆ ಅಲ್ಲಿ ಬೇಲಿಯೋ ಕಲ್ಲೋ ಇರುವುದಿಲ್ಲ. ಹಳ್ಳ, ಗುಡ್ಡ, ಮರಗಳೇ ಗುರುತು. ಪ್ರತಿ ಎಲ್ಲೆಯಲ್ಲೂ ದೇವರ ಜಾಗ, ಮಾರಮ್ಮನ ಜಾಗ, ವೀರನ ಜಾಗ, ನೀರಿನ ಅಬ್ಬಿ, ಸತ್ತವರಿಗೆ ಕಲ್ಲು ಇಡುವ ಕಲ್ಲುಗುಡಿ ಇರುತ್ತವೆ. ಇಂಥ ನೂರಾರು ಜಾಗಗಳನ್ನು ಹಿರಿಯರು ಸಂಶೋಧಕರ ಜೊತೆ ನಡೆದು ನಕ್ಷೆಯಲ್ಲಿ ಗುರುತು ಮಾಡಿಸಿದ್ದಾರೆ. ಸರ್ಕಾರದ ನಕ್ಷೆಯಲ್ಲಿ ಖಾಲಿ ಹಸಿರು ಇರುವ ಕಡೆ ಇವರ ನಕ್ಷೆಯಲ್ಲಿ ಹೆಸರುಗಳು ತುಂಬಿವೆ. ಭಾರ್ಗವಿ ಹೊಳೆ ದಂಡೆಯ ದೊಡ್ಡಸಂಪಿಗೆ ಮರದ ಹೆಸರು ನೀವೂ ಕೇಳಿದ್ದೀರಿ. ನೂರಾರು ವರ್ಷದ ಮರ. ಸೋಲಿಗರಿಗೆ ಅದು ಮರವಲ್ಲ, ಮಾದೇಶ್ವರ. ಬೆಟ್ಟದ ಮೇಲಿನ ರಂಗನಾಥಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಅಂತ ಕತೆ ಇರುವುದರಿಂದ ಆ ದೇವರನ್ನು ಇವರು ‘ರಂಗಭಾವ’ ಅಂತಾರೆ. ನಾವು ಕೈಮುಗಿದು ಅಡ್ಡಬೀಳುವ ದೇವರನ್ನು ಇವರು ಭಾವ ಅಂತ ತಮಾಷೆ ಮಾಡುತ್ತಾರೆ! ಆ ದೇವರಿಗೆ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿ ಮಾಡಿ ಒಪ್ಪಿಸುತ್ತಾರೆ. ಕಾಡು ಸುತ್ತಿ ಸುತ್ತಿ ಹಳೇದು ಸವೆದಿರುತ್ತದಂತೆ. ಇಲ್ಲಿ ದೇವರಿಗೂ ನಡೆಯುವುದೇ ಕೆಲಸ.

ನಡೆಯುವ ಮಾತು ಯಾಕೆ ಹೇಳಿದೆ ಅಂದರೆ, ಒಂದು ಗಂಟೆ ನಡೆದ ಮೇಲೆ ನಮ್ಮ ದಾರಿ ನಿಂತುಹೋಯಿತು. ಎದುರಿಗೆ ಗೋಡೆಯ ಹಾಗೆ ಲಂಟಾನ. ನಮ್ಮೂರ ಬೇಲಿಯಲ್ಲಿ ಮೊಳಕಾಲುದ್ದ ಬೆಳೆದು, ಬಣ್ಣಬಣ್ಣದ ಸಣ್ಣ ಹೂ ಬಿಡುತ್ತಲ್ಲ, ಅದೇ ಗಿಡ. ಇಲ್ಲಿ ಅದು ಎರಡಾಳುದ್ದ, ಮರದ ಮೇಲೂ ಹತ್ತಿತ್ತು. ಒಳಗೆ ಬೆಳಕಿಲ್ಲ, ಹುಲ್ಲಿಲ್ಲ. ತಾತ ಮಚ್ಚು ತೆಗೆದರು.

ಈ ಗಿಡ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಬಿಸಿ ನಾಡಿನದು. 1800ರ ನಂತರದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಕಲಕತ್ತೆಯ ತೋಟಕ್ಕೆ ಅಲಂಕಾರಕ್ಕೆ ಅಂತ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬಿಳಿಗಿರಿಯಲ್ಲಿ ಸಂಶೋಧಕರು ಕಾಡನ್ನು ತುಂಡು ತುಂಡಾಗಿ ಗುರುತು ಮಾಡಿ ಲೆಕ್ಕ ಹಾಕಿದ್ದಾರೆ. 1997ರಲ್ಲಿ ನೂರು ತುಂಡಿನಲ್ಲಿ ಸುಮಾರು 40ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಸುಮಾರು 80ರಲ್ಲಿ. ಹನ್ನೊಂದು ವರ್ಷಕ್ಕೆ ಎರಡು ಪಟ್ಟು!

‘ಇದು ನಿಮ್ ಕಾಲದಲ್ಲಿ ಇರ್ಲಿಲ್ವ ತಾತ?’ ಅಂತ ಕೇಳಿದೆ.

‘ಇತ್ತು ಕನವ್ವ, ಅಲ್ಲೊಂದು ಇಲ್ಲೊಂದು. ಆಗ ತರಗು ಬೆಂಕಿ ಇತ್ತು’ ಅಂದರು.

ಬೆಂಕಿ ಅಂದ ಕೂಡಲೇ ನನ್ನ ಮುಖ ಸಣ್ಣದಾಯಿತು. ಗೆಳತಿ ಬೇರೆ ಕಡೆ ನೋಡುತ್ತಿದ್ದಳು. ತಾತನಿಗೆ ನನ್ನ ಲೇಖನದ ಸಂಗತಿ ಗೊತ್ತಿತ್ತೋ ಇಲ್ಲವೋ, ಕಲ್ಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಅವರು ಹೇಳಿದ್ದನ್ನೂ, ಆಮೇಲೆ ನಮ್ಮ ಮೇಷ್ಟ್ರು ಬಿಡಿಸಿ ತಿಳಿಸಿದ್ದನ್ನೂ ಸೇರಿಸಿ ಬರೆಯುತ್ತೇನೆ.

ತರಗು ಅಂದರೆ ಉದುರಿದ ಒಣ ಎಲೆ. ಬೇಸಿಗೆ ಏರುವ ಮೊದಲೇ, ಜನವರಿ ಫೆಬ್ರವರಿಯಲ್ಲಿ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ, ಈ ತರಗಿಗೆ ಬೆಂಕಿ ಕೊಡುತ್ತಿದ್ದರು. ಎಲೆ ಇನ್ನೂ ತೆಳುವಾಗಿ ಬಿದ್ದಿರುವುದರಿಂದ ಬೆಂಕಿ ಮೊಳಕಾಲಿನ ಕೆಳಗೇ ಹರಿದು ಮುಂದೆ ಹೋಗಿ ಆರುತ್ತಿತ್ತು. ದೊಡ್ಡ ಮರಗಳ ತೊಗಟೆ ದಪ್ಪ, ಅವುಗಳಿಗೆ ಏನೂ ಆಗುತ್ತಿರಲಿಲ್ಲ. ಲಂಟಾನದ ಎಳೇ ಸಸಿಗಳು ಸಾಯುತ್ತಿದ್ದವು. ಉಣ್ಣೆ ಕಡಿಮೆಯಾಗುತ್ತಿತ್ತು. ಮೊದಲ ಮಳೆ ಬಿದ್ದ ಮೇಲೆ ಹೊಸ ಹುಲ್ಲು ಚಿಗುರಿ ಜಿಂಕೆ, ಕಡವೆ, ಕಾಟಿ ಮೇಯಲು ಬರುತ್ತಿದ್ದವು. ಅವು ಬಂದರೆ ಹುಲಿಯೂ ಇರುತ್ತದೆ.

ಇನ್ನೊಂದು ಸಂಗತಿ ನೆಲ್ಲಿ ಮರದ್ದು. ದಾರಿಯಲ್ಲಿ ಒಂದು ನೆಲ್ಲಿ ಮರ ಅರ್ಧ ಒಣಗಿತ್ತು. ಅದರ ಕೊಂಬೆಯಲ್ಲಿ ಬೇರೆ ಜಾತಿಯ ಎಲೆ ದಟ್ಟವಾಗಿ ಬೆಳೆದಿತ್ತು. ಅದನ್ನು ಸೋಲಿಗರು ಉಪ್ಪಿಲು ಅನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ಪರಾವಲಂಬಿ, ಬಂದಳಿಕೆ. ಮರದ ಕೊಂಬೆಯೊಳಗೆ ಬೇರಿಳಿಸಿ ಅದರ ನೀರು ಸಾರ ಹೀರುತ್ತದೆ. ಇದರ ಹಣ್ಣಿನ ಬೀಜಕ್ಕೆ ಅಂಟು ಇರುತ್ತದೆ. ಸಣ್ಣ ಹಕ್ಕಿ ಹಣ್ಣು ತಿಂದು ಇನ್ನೊಂದು ಕೊಂಬೆಗೆ ಬೀಜ ಅಂಟಿಸಿ ಹೋಗುತ್ತದೆ. ತರಗು ಬೆಂಕಿಯ ಶಾಖ ಹೊಗೆಗೆ ಉಪ್ಪಿಲು ಹತೋಟಿಯಲ್ಲಿ ಇರುತ್ತಿತ್ತು, ಬೆಂಕಿ ನಿಂತ ಮೇಲೆ ಹೆಚ್ಚಾಯಿತು ಅನ್ನುವುದು ಸೋಲಿಗ ಹಿರಿಯರ ಮಾತು. ಇದನ್ನು ಸಂಶೋಧಕರೂ ಬರೆದುಕೊಂಡು ಪರೀಕ್ಷೆ ಮಾಡಿದ್ದಾರೆ.

ಹಾಗಾದರೆ ಬೆಂಕಿ ನಿಂತದ್ದು ಯಾವಾಗ? 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. 1974ರಲ್ಲಿ ಬಿಳಿಗಿರಿ ಕಾಡನ್ನು ಅಭಯಾರಣ್ಯ ಅಂತ ಘೋಷಿಸಿದರು. ಬೇಟೆ ನಿಂತಿತು. ಕಾಡಿನೊಳಗೆ ಜಾಗ ಬದಲಿಸುತ್ತಾ ಬೇಸಾಯ ಮಾಡುವುದೂ ನಿಂತಿತು, ಬೆಂಕಿಯೂ ನಿಂತಿತು. ಒಳಗಿದ್ದ ಪೋಡುಗಳು ರಸ್ತೆ ಹತ್ತಿರಕ್ಕೆ ಬಂದವು. ತಾತ ಆಗ ನಮ್ಮಷ್ಟು ದೊಡ್ಡವರು. ಅಷ್ಟಾದರೂ ಜೇನು, ನೆಲ್ಲಿ, ಸೀಗೆ, ಪಾಚಿ ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕುವುದಕ್ಕೆ ದಿನವೂ ಕಾಡಿಗೆ ಹೋಗುತ್ತಿದ್ದರು, ದಾರಿಗಳು ತೆರೆದೇ ಇದ್ದವು. 2006ರಲ್ಲಿ ಅದೂ ನಿಂತಿತು, ಮಾರುವುದಕ್ಕೆ ಏನನ್ನೂ ತರಬಾರದು ಅಂತ ಆಯಿತು. ಆ ವರ್ಷಗಳಲ್ಲಿ ಗೆಳತಿಯ ಅಪ್ಪ ಕೂಲಿಗೆ ಹೊರಗೆ ಹೋದರು. ಜನ ನಡೆಯುವುದು ನಿಂತ ದಾರಿಗಳನ್ನು ಲಂಟಾನ ಮುಚ್ಚಿತು.

ಅದೇ 2006ರಲ್ಲಿ ದೆಹಲಿಯಲ್ಲಿ ಅರಣ್ಯ ಹಕ್ಕು ಕಾಯಿದೆ ಆಯಿತು. ಬಿಳಿಗಿರಿ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಒಟ್ಟು 574.82 ಚದರ ಕಿಲೋಮೀಟರು. ಅದೇ ವರ್ಷ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಕೊಟ್ಟರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಾನು ಇದನ್ನು ತಪ್ಪಾಗಿ ತಿಳಿದಿದ್ದೆ, ಕಾಡನ್ನು ಅವರಿಗೆ ಬರೆದುಕೊಟ್ಟುಬಿಟ್ಟರು ಅಂತ. ಹಾಗಲ್ಲ. ಅದನ್ನು ಮಾರುವ ಹಾಗಿಲ್ಲ, ಬೇಟೆಯಾಡುವ ಹಾಗಿಲ್ಲ. ಜೇನು, ನೆಲ್ಲಿ ಮುಂತಾದ ಕಿರು ಉತ್ಪನ್ನ ತರಬಹುದು, ತಮ್ಮ ದೇವರ ಜಾಗಗಳಿಗೆ ಹೋಗಬಹುದು, ಕಾಡನ್ನು ಕಾಯುವ ಮತ್ತು ನೋಡಿಕೊಳ್ಳುವ ಕೆಲಸದಲ್ಲಿ ಗ್ರಾಮಸಭೆಗೆ ಮಾತು ಇರುತ್ತದೆ. ಅವರ ಮನೆಯಲ್ಲಿ ಹಕ್ಕುಪತ್ರದ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ, ನನಗೆ ತೆಗೆದು ತೋರಿಸಿದರು.

ಜೇನಿನ ವಿಷಯ ಬಿಟ್ಟರೆ ಗೆಳತಿ ಒಪ್ಪುವುದಿಲ್ಲ, ಅವಳ ಅಪ್ಪ ಜೇನು ಇಳಿಸುವವರು. ಹೆಜ್ಜೇನು ದೊಡ್ಡ ಮರದ ಎತ್ತರದ ಕೊಂಬೆಯಲ್ಲೋ ಬಂಡೆಯಲ್ಲೋ ಕಟ್ಟುತ್ತದೆ. ತುಡುವೆ ಜೇನು ಮರದ ಪೊಟರೆಯಲ್ಲಿ. ಕತ್ತಲೆಯಲ್ಲಿ ಹೊಗೆ ಹಿಡಿದು ಹೆಜ್ಜೇನು ಇಳಿಸುತ್ತಾರೆ. ಗೂಡನ್ನು ಪೂರ್ತಿ ಕೊಯ್ಯುವುದಿಲ್ಲ. ಮರಿ ಇರುವ ಭಾಗ ನೊಣಕ್ಕೆ ಬಿಡಬೇಕು. ಇನ್ನು ಕೆಳಗೆ ನೆಲದ ಮೇಲೂ ಒಂದು ಚೂರು ಇಟ್ಟು ಬರುತ್ತಾರೆ. ಯಾಕೆ ಅಂದೆ. ‘ಹುಲಿಗೆ ನಮ್ಮಂಗೆ ಮರ ಹತ್ತಾಕಾದದಾ? ಅದ್ಕೂ ಒಂದು ಪಾಲು ಬೇಡ್ವಾ?’ ಅಂದರು ಅವಳ ಅಪ್ಪ. ಹುಲಿ ಜೇನು ತಿನ್ನುತ್ತದಾ ಅಂತ ನಾನು ಕೇಳಬೇಕೆಂದಿದ್ದೆ, ಅವರ ಮುಖ ನೋಡಿ ಸುಮ್ಮನಾದೆ.

ಕಣಜದ ಒಂದು ಹೊಸ ಬಗೆಗೆ 2022ರಲ್ಲಿ ವಿಜ್ಞಾನಿಗಳು ‘ಸೋಲಿಗ’ ಅಂತಲೇ ಹೆಸರಿಟ್ಟರು, ಈ ಬೆಟ್ಟದಲ್ಲೇ ಸಿಕ್ಕಿದ್ದಕ್ಕೆ. ಪರೀಕ್ಷೆಗೆ ಬಂದರೂ ಬರಬಹುದು, ಬರೆದುಕೊಳ್ಳಿ.

ಮತ್ತೆ ದಾರಿಗೆ. ತಾತ, ಅಪ್ಪ ಇಬ್ಬರೂ ಸರದಿಯಲ್ಲಿ ಮಚ್ಚು ಬೀಸಿದರು. ನಾವಿಬ್ಬರೂ ಕಡಿದದ್ದನ್ನು ಎಳೆದು ಪಕ್ಕಕ್ಕೆ ಹಾಕಿದೆವು. ಲಂಟಾನದ ಕಾಂಡದಲ್ಲಿ ಸಣ್ಣ ಮುಳ್ಳು, ನನ್ನ ಕೈಯೆಲ್ಲ ಗೀರಿತು. ಒಂದೂವರೆ ಗಂಟೆಗೆ ನಮ್ಮ ಶಾಲೆಯ ವರಾಂಡದಷ್ಟು ಉದ್ದ ದಾರಿ ಆಯಿತು. ಆಚೆ ಅಬ್ಬಿ ಸಿಕ್ಕಿತು. ಬಂಡೆಯ ಸಂದಿಯಿಂದ ಬೆರಳು ಗಾತ್ರ ನೀರು, ಬಲು ತಣ್ಣಗಿತ್ತು. ಪಕ್ಕದಲ್ಲಿ ವೀರನ ಕಲ್ಲು. ತಾತ ಎಲೆಯಲ್ಲಿ ನೀರು ಹಿಡಿದು ಕಲ್ಲಿಗೆ ಹಾಕಿದರು.

ಅಲ್ಲಿಂದ ಮೇಲೆ, ಗುಡ್ಡದ ಓರೆಯಲ್ಲಿ ಕಲ್ಲುಗುಡಿ. ಅವರ ಅಪ್ಪನ ಕಲ್ಲು ಅಲ್ಲಿದೆ. ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಯಿತಂತೆ. ನಾವು ನಿಂತ ಜಾಗದಿಂದ ಅದು ಕೂಗಿದರೆ ಕೇಳುವಷ್ಟು ದೂರ, ಆದರೆ ನಡುವೆ ಪೂರ್ತಿ ಲಂಟಾನ. ತಾತ ಕೈ ಚಾಚಿ ತೋರಿಸಿದರು. ನನಗೆ ಹಸಿರು ಬಿಟ್ಟು ಬೇರೇನೂ ಕಾಣಲಿಲ್ಲ. ‘ಹೊತ್ತು ಇಳೀತದೆ, ನಡೀರಿ’ ಅಂದರು.

ವಾಪಸು ಬರುವಾಗ ಕೇಳಿದೆ, ಈಗ ತರಗು ಬೆಂಕಿ ಹಾಕಿದರೆ ಇದೆಲ್ಲ ಹೋಗುತ್ತದಲ್ಲ ಅಂತ. ತಾತ ತಲೆ ಆಡಿಸಿದರು. ಈಗ ಆಗುವುದಿಲ್ಲ. ಆಗಿನ ಬೆಂಕಿ ಮೊಳಕಾಲುದ್ದ. ಈಗ ಒಣಗಿದ ಲಂಟಾನ ಏಣಿಯ ಹಾಗೆ ನಿಂತಿದೆ, ಬೆಂಕಿ ಅದನ್ನು ಹತ್ತಿ ಮರದ ತುದಿಗೆ ಹೋಗುತ್ತದೆ. ಬಲಿತ ಲಂಟಾನ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಬುಡ ಸಮೇತ ಕೀಳಬೇಕು, ಅದೂ ಒಂದು ಸಲ ಕಿತ್ತರೆ ಸಾಲದು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡಿದು ಬೇಯಿಸಿ ಕುರ್ಚಿ, ಮೇಜು ಮಾಡುತ್ತಾರೆ. ಒಳ್ಳೆಯ ಕೆಲಸವೇ, ಆದರೆ ಕಾಡಿನಲ್ಲಿರುವಷ್ಟು ಲಂಟಾನಕ್ಕೆ ಎಷ್ಟು ಕುರ್ಚಿ ಮಾಡಿದರೂ ಮುಗಿಯುವುದಿಲ್ಲ ಅಂತ ನನಗೆ ಅನ್ನಿಸಿತು. ಬೆಂಕಿಯ ವಿಷಯದಲ್ಲಿ ಎಲ್ಲ ವಿಜ್ಞಾನಿಗಳದ್ದೂ ಒಂದೇ ಮಾತಲ್ಲ, ಎಳೇ ಮರಗಳಿಗೆ ಬೆಂಕಿಯಿಂದ ಪೆಟ್ಟು ಅನ್ನುವವರೂ ಇದ್ದಾರೆ ಅಂತ ಮೇಷ್ಟ್ರು ಹೇಳಿದರು. ಇನ್ನೊಂದು ಮಾತು ಕೆಂಪು ಶಾಯಿಯಲ್ಲಿ ಬರಿ ಅಂದರು, ಬರೆದಿದ್ದೇನೆ: ಕಾಡಿಗೆ ಬೆಂಕಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ಇದನ್ನು ಓದಿ ಯಾರೂ ಬೆಂಕಿಕಡ್ಡಿ ಹಿಡಿದು ಗೋಮಾಳಕ್ಕೆ ಹೋಗಬೇಡಿ.

ಹೋದ ಸಂಚಿಕೆಯ ಹಾಳೆ ಈಗ ಆಫೀಸು ರೂಮಿನ ಬೀರುವಿನಲ್ಲಿದೆ. ಮೇಷ್ಟ್ರನ್ನು ಕೇಳಿ ಅದನ್ನು ತೆಗೆಸಿ, ನಾಲ್ಕನೇ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಇದು ತಪ್ಪು, ಮುಂದಿನ ಸಂಚಿಕೆ ನೋಡಿ’ ಅಂತ ಬರೆದೆ. ಪೂರ್ತಿ ಹರಿದುಹಾಕಲೇ ಅಂತ ಗೆಳತಿಯನ್ನು ಕೇಳಿದ್ದೆ. ಬೇಡ, ಬಳ್ಳಿ ಚೆನ್ನಾಗಿ ಬಂದದೆ ಅಂದಳು.

ಈ ಲೇಖನವನ್ನು ಅಂಟಿಸುವ ಮೊದಲು ಅವಳಿಗೇ ಓದಲು ಕೊಟ್ಟೆ. ಮೂರು ತಪ್ಪು ತಿದ್ದಿದಳು. ಪಾಚಿ ಅಂದರೆ ಕೆರೆಯ ಪಾಚಿ ಅಂತ ನಾನು ಬರೆದಿದ್ದೆ, ಅದು ಮರದ ತೊಗಟೆ ಮೇಲೆ ಬೆಳೆಯುವುದು, ಮಸಾಲೆಗೆ ಹಾಕುತ್ತಾರೆ. ಉಳಿದೆರಡು ಅವರ ದೇವರ ಜಾಗದ ವಿಷಯ, ಎಲ್ಲರಿಗೂ ಹೇಳುವುದಲ್ಲ ಅಂದಳು, ಅದಕ್ಕೆ ತೆಗೆದಿದ್ದೇನೆ. ಆಮೇಲೆ ಕೆಳಗಿನ ಚಿತ್ರ ನೋಡಿ ಹುಲಿಯ ಬಾಲ ಗಿಡ್ಡವಾಯಿತು ಅಂದಳು. ಅದನ್ನು ಉದ್ದ ಮಾಡಲು ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.